ಶನಿವಾರದ ನೀರು

ಕೊಳದ ಮೇಲಿನ ಹಾರುಹಲಗೆಯ ತುದಿಗೆ ಬಂದ ಕಪ್ಪೆ ಒಮ್ಮೆ ಕೆಳಗೆ ನೋಡಿದಳು, ಅಷ್ಟೇ. ಗರ ಬಡಿದವಳ ಹಾಗೆ ನಿಂತುಬಿಟ್ಟಳು. ತೀರ್ಪುಗಾರರು ಮೊದಲ ಸೀಟಿ ಊದಿದರು.

“ಮೂರನೇ ಸೀಟಿಗೂ ಹಾರದಿದ್ರೆ ಇಳಿಸಿಬಿಡಿ,” ಎಂದ ಈಜುಕೊಳದ ಮ್ಯಾನೇಜರ್. “ನಾನು ಬಡ್ಕೊಂಡೆ, ಹೆಂಗಸರಿಗೆ ಈ ಸ್ಪರ್ಧೆಯೆಲ್ಲ ಬೇಡ ಅಂತ. ಇದೇ ಮೊದಲು, ಇದೇ ಕೊನೆ!”

ಕಪ್ಪೆ ಅನ್ನುವುದು ಓಣಿಯವರು ಇಟ್ಟ ಹೆಸರು. ಬೆಳಿಗ್ಗೆಯಷ್ಟೇ ಈಜಿನ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದ ಹುಡುಗಿ. ಆಗ ಎದುರಿನ ಗೋಡೆಯ ಮೇಲೇ ಕಣ್ಣಿತ್ತು, ಕೆಳಗೆ ನೋಡುವ ಪುರುಸೊತ್ತಿರಲಿಲ್ಲ. ಈಗ ಇಷ್ಟು ಎತ್ತರದಿಂದ ನೋಡಿದರೆ ಕೊಳದ ನೆಲ, ಅದರ ಒಂದೊಂದು ಬಿಳಿ ಟೈಲು, ಎಲ್ಲ ಕೈಗೆ ಸಿಗುವಷ್ಟು ಹತ್ತಿರ. ಹಾರಿದರೆ ತಲೆ ಹೋಳಾಗುವುದು ಖಂಡಿತ ಅನ್ನಿಸಿತು.

ಆ ನೆಲವನ್ನು ಅವಳು ಹುಟ್ಟಿದ ಮೇಲೆ ನೋಡಿರಲಿಲ್ಲ. ಪ್ರತಿ ಭಾನುವಾರ ಕೊಳ ಖಾಲಿ ಮಾಡಿ, ತೊಳೆದು, ಹೊಸ ನೀರು ತುಂಬುತ್ತಿದ್ದರು. ಸೋಮವಾರದಿಂದ ಶುಕ್ರವಾರದವರೆಗೆ ಗಂಡಸರಿಗೆ, ಶನಿವಾರ ಹೆಂಗಸರಿಗೆ. ಅಷ್ಟು ಹೊತ್ತಿಗೆ ಅದು ಪಾತ್ರೆ ತೊಳೆದ ನೀರಿನ ಹಾಗೆ ಆಗಿರುತ್ತಿತ್ತು. ಮೈ ಕಾಣಬಾರದಲ್ಲ, ಮರ್ಯಾದೆಯ ವಿಷಯ, ಎನ್ನುತ್ತಿದ್ದ ಮ್ಯಾನೇಜರ್. ಗಂಡಸರ ಕೊಳೆ ಹೆಂಗಸರ ಮರ್ಯಾದೆ ಕಾಯುವುದು ಎಂಥ ನ್ಯಾಯವೋ! ಆರು ವರ್ಷ ಆ ಕದಡಿದ ನೀರಿಗೇ ಹಾರಿ ಹಾರಿ ಕಪ್ಪೆ ಕಲಿತಿದ್ದಳು. ಸ್ಪರ್ಧೆ ಇಟ್ಟಿದ್ದು ಮಾತ್ರ ಇವತ್ತು, ಸೋಮವಾರ; ನೀರು ಹೊಸದು.

ಎರಡನೇ ಸೀಟಿ ಕೇಳಿತು.

“ಅಮ್ಮಾ, ನೆಲ ಕಾಣ್ತಿದೆ!” ಎಂದು ಕೂಗಿಯೇಬಿಟ್ಟಳು. ನೋಡಲು ಬಂದವರೆಲ್ಲ ಗೊಳ್ಳೆಂದು ನಕ್ಕರು.

ನಗದಿದ್ದವಳು ಒಬ್ಬಳೇ, ಕಂಬದ ಪಕ್ಕ ಬ್ರಷ್ಷು ಹಿಡಿದು ನಿಂತಿದ್ದ ಅವಳ ಅಮ್ಮ. ಭಾನುವಾರ ಕೊಳ ಉಜ್ಜುವವಳು ಅವಳೇ. ಸರಸರನೆ ಅಂಚಿಗೆ ಬಂದಳು.

“ಕಾಣದೆ ಏನು, ನಿನ್ನೆ ತಾನೆ ಉಜ್ಜಿದೀನಿ! ಆ ನೆಲದ ಮೇಲೆ ನಿಂತು ನನ್ನ ಹೆಗಲ ಮೇಲೆ ನಿಮ್ಮಜ್ಜಿನ ಹತ್ತಿಸ್ಕೊಂಡ್ರೂ ಅವಳ ಕೈಗೆ ಈ ಅಂಚು ಎಟುಕಲ್ಲ ಕಣೇ. ಏಣಿ ಇಲ್ದೆ ನಾನು ಒಂದಿನಾನೂ ಮೇಲೆ ಬಂದಿಲ್ಲ. ಹಾರು!”

ಮೂರನೇ ಸೀಟಿ ಮುಗಿಯುವ ಮೊದಲೇ ಕಪ್ಪೆ ಗಾಳಿಯಲ್ಲಿದ್ದಳು. ನೀರು ಹೆಚ್ಚು ಸದ್ದು ಮಾಡದೆ ಅವಳನ್ನು ಒಳಗೆ ಬಿಟ್ಟುಕೊಂಡಿತು. ಅವಳು ನೆಲ ಮುಟ್ಟಿ, ತಿರುಗಿ, ಮೇಲೆ ಬರುವ ತನಕ ಅಮ್ಮ ರೆಪ್ಪೆ ಬಡಿಯದೆ ನೋಡಿದಳು. ನೀರೊಳಗೆ ಮಗಳು ಹೇಗಿರುತ್ತಾಳೆ ಎಂದು ಅವಳಿಗೂ ಗೊತ್ತಾದದ್ದು ಇವತ್ತೇ. ಸಂತೋಷಕ್ಕೆ ಅಳು ಬಂತು.

ಚಪ್ಪಾಳೆಯ ನಡುವೆ ಮ್ಯಾನೇಜರ್ ಹಲ್ಲು ಕಿರಿಯುತ್ತಾ ಬಂದ. “ಪರವಾಗಿಲ್ಲ ಕಣಮ್ಮ ನಿನ್ನ ಮಗಳು. ಮುಂದಿನ ವರ್ಷಾನೂ ಇಡೋಣ.”

“ವರ್ಷದ ಮಾತು ಆಮೇಲೆ ಸಾರ್. ಮುಂದಿನ ವಾರದಿಂದ ಸೋಮವಾರ ಹೆಂಗಸರಿಗೆ ಬಿಡಿ.”

“ಅದ್ಹೇಗಾಗತ್ತೆ? ಸೋಮವಾರ ಗಂಡಸರದ್ದು.”

ಅಮ್ಮ ಕಣ್ಣೊರೆಸಿಕೊಂಡು, ಕೈಯಲ್ಲಿದ್ದ ಬ್ರಷ್ಷನ್ನು ಅವನ ಕೈಗೆ ಕೊಟ್ಟಳು.

“ಹಾಗಾದ್ರೆ ಭಾನುವಾರಾನೂ ಗಂಡಸರದ್ದೇ ಸಾರ್.”