ಈಶಾನ್ಯ ಮೂಲೆಯ ಸಂಸಾರ

ಗೂಡಿನಲ್ಲಿ ಐದು ಮೊಟ್ಟೆಗಳಿದ್ದವು. ಹಿಂದಿನ ಸಂಜೆ ನಾಲ್ಕಿದ್ದವು.

ಸಾಯಲಿ ಮತ್ತೊಮ್ಮೆ ಎಣಿಸಿದಳು. ಹುಲ್ಲುಗಾವಲಿನಲ್ಲಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಹಣೆಬರಹ ಬರೆದಿಡುವುದು ಅವಳ ಕೆಲಸ. ವಿಶ್ವವಿದ್ಯಾಲಯ ಅದನ್ನು ಸಂಶೋಧನೆ ಎನ್ನುತ್ತದೆ.

"ಟಿಟವಿ ನಾಲ್ಕೇ ಇಡುವುದು," ಎಂದಳು ಮರಾಠಿಯಲ್ಲಿ; ಟಿಟವಿ ಎಂದರೆ ಟಿಟ್ಟಿಭ. "ಅದೂ ಕಾವು ಕೂತ ನಲವತ್ತೊಂದನೆಯ ದಿನ ಇನ್ನೊಂದು ಇಡುವುದಿಲ್ಲ."

ಈರಬಸಪ್ಪ ಹಣೆ ಒರೆಸಿಕೊಂಡ. ಮೂವತ್ತು ವರ್ಷ ಯೆರವಡಾದ ಬಾಡಿಗೆ ಮನೆಯಲ್ಲಿ ಕಳೆದ ಪಾತ್ರೆ ವ್ಯಾಪಾರಿ ದೌಂಡ್ ರಸ್ತೆಯಲ್ಲಿ ಈ ಪ್ಲಾಟ್ ಕೊಂಡಿದ್ದ. ಮಗಳು ದೀಪಾಲಿಯ ಮದುವೆ ಸ್ವಂತ ನೆಲದಲ್ಲೇ ಆಗಬೇಕೆಂದು ಹಟ. ಹಂದರಗಂಬ ನೆಡಲು ಈಶಾನ್ಯ ಮೂಲೆಗೆ ಹೋದರೆ ಅಲ್ಲೊಂದು ಗುಳಿ, ಗುಳಿಯಲ್ಲಿ ನಾಲ್ಕು ಕಪ್ಪುಚುಕ್ಕಿಯ ಮೊಟ್ಟೆ, ತಲೆಯ ಮೇಲೆ ಕಿರುಚುವ ಎರಡು ಹಕ್ಕಿ. ಹಕ್ಕಿಗಳಿಗೂ ವಾಸ್ತು ತಿಳಿದಿತ್ತು.

"ಒಂದು ಸಂಸಾರ ಕೆಡಿಸಿ ಇನ್ನೊಂದು ಸಂಸಾರ ಹೂಡತೀಯೇನೋ?" ಎಂದಿದ್ದರು ಅವನ ತಾಯಿ ಅನ್ನಪೂರ್ಣಮ್ಮ. "ಮರಿ ಆಗಿ ಹೋಗೂತನಕ ಕಂಬ ನೆಡೂ ಹಂಗಿಲ್ಲ."

ಇಪ್ಪತ್ತೆಂಟು ದಿನ ಎಂದಿದ್ದಳು ಸಾಯಲಿ. ಅದೂ ಉಳಿದರೆ. ನೆಲದ ಗೂಡುಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ನಾಯಿ, ಮುಂಗುಸಿ, ಕುರಿಯ ಗೊರಸು.

ಈರಬಸಪ್ಪ ಗುಟ್ಟಾಗಿ ಮುಂಗುಸಿಗೆ ಹರಕೆ ಹೊತ್ತ. ಹನ್ನೆರಡು ದಿನ ಬಿಡದೆ ಬೇಡಿಕೊಂಡ. ಹದಿಮೂರನೆಯ ದಿನದಿಂದ ಬೇಡುವುದನ್ನು ಬಿಟ್ಟು, ಗೂಡಿನಿಂದ ಹತ್ತು ಹೆಜ್ಜೆ ದೂರ ಚಪ್ಪಲಿ ಕಳಚಿ ಹಕ್ಕಿಗೆ ಕೈಮುಗಿಯತೊಡಗಿದ. ಮನೆಯವರು ಬೆರಗಾದರು.

ಇಪ್ಪತ್ತೆಂಟು ಕಳೆಯಿತು. ಮೂವತ್ತೈದೂ ಕಳೆಯಿತು. ಕೆಟ್ಟ ಮೊಟ್ಟೆಯ ಮೇಲೂ ಹಕ್ಕಿ ವಾರಗಟ್ಟಲೆ ಕೂರುತ್ತದೆ ಎಂದಳು ಸಾಯಲಿ. ಈಗ ಆಷಾಢಕ್ಕೆ ಹನ್ನೊಂದೇ ದಿನ. ಅದು ಹೊಕ್ಕರೆ ಮದುವೆಯಿಲ್ಲ. ಅಷ್ಟರೊಳಗೆ ಆಗಲೇಬೇಕೆಂದು ಬೀಗರು ಗಡುವು ಕೊಟ್ಟಿದ್ದರು.

ಅವಸರ ಎಲ್ಲರಿಗಿಂತ ಹೆಚ್ಚಿದ್ದದ್ದು ವರ ಬಸವಲಿಂಗನಿಗೆ. ಪ್ರತಿ ರವಿವಾರ ಕಲಬುರಗಿಯ ರೈಲಿನಿಂದ ದೌಂಡ್‌ನಲ್ಲಿ ಇಳಿದು, ಸ್ಟೇಷನ್ನಿನಲ್ಲೇ ತಿಂಡಿ ಮುಗಿಸಿ, ನೇರ ಪ್ಲಾಟಿಗೆ ಬರುತ್ತಿದ್ದ. ಕಳೆದ ವಾರ ಸಾಯಲಿಯನ್ನು ಕೇಳಿದ್ದ: "ಅಕಸ್ಮಾತ್ ಇನ್ನೊಂದು ಇಟ್ಟರ ಇಪ್ಪತ್ತೆಂಟು ದಿನ ಮತ್ತ ಮೊದಲಿಂದ ಏನ್ರಿ?"

"ಕೊನೆಯ ಮೊಟ್ಟೆಯಿಂದಲೇ ಎಣಿಕೆ."

"ಅಯ್ಯೋ ದೇವರ," ಎಂದಿದ್ದ. ಇಂಥ ಅಳಿಯ ಸಿಗುವುದಿಲ್ಲ ಎಂದು ಈರಬಸಪ್ಪನ ಕಣ್ಣು ತುಂಬಿತ್ತು.

ಇವತ್ತೂ ಎಲ್ಲರಿಗಿಂತ ಮೊದಲು ಬಂದವನು ಅವನೇ. ಅನ್ನಪೂರ್ಣಮ್ಮ ಚಹಾ ಕೊಟ್ಟರೆ ಎಡಗೈ ಚಾಚಿದ್ದ.

"ಬಲಗೈಗೆ ಏನಾತೋ ತಮ್ಮಾ?"

"ರೈಲಿನ್ಯಾಗ ಉಳುಕೇತ್ರಿ, ಅಜ್ಜಿ." ಬಲಗೈ ಪ್ಯಾಂಟಿನ ಕಿಸೆಯಿಂದ ಹೊರಗೆ ಬರಲಿಲ್ಲ.

ಸಾಯಲಿ ಐದನೆಯ ಮೊಟ್ಟೆ ಎತ್ತಿದಳು. ಬೆರಳಿಗೆ ಕಪ್ಪು ಹತ್ತಿತು. ಉಳಿದ ನಾಲ್ಕೂ ಮೊಟ್ಟೆಗೆ ಇರಬಾರದಷ್ಟು ಭಾರವಾಗಿದ್ದವು; ಒಂದೊಂದಾಗಿ ಕಲ್ಲಿಗೆ ಬಡಿದಳು. ನಾಲ್ಕೂ ಪುಡಿಯಾದವು. ಒಳಗೆ ಗಣಪತಿ ಮಾಡುವ ಶಾಡೂ ಮಣ್ಣು.

ಮೇಲೆ ಹಕ್ಕಿ ಬೈಯುತ್ತಿತ್ತು.

"ನಾನ ಇಟ್ಟೀನಿ," ಎಂದಳು ದೀಪಾಲಿ. "ಜುಲೈದಾಗ ನನ್ನ ಪರೀಕ್ಷಾ ಅದ. ಮದುವಿ ಆದ ಮ್ಯಾಲೆ ಬರೀಲಿಕ್ಕೆ ಬಿಡೂದಿಲ್ಲಂತ ಬೀಗರು ಹೇಳ್ಯಾರ. ಮುಂಗುಸಿ ತಿಂದರ ಇರಲಿ ಅಂತ ಮೊದಲ ಮಾಡಿಟ್ಟಿದ್ದೆ. ಹದಿಮೂರನೇ ದಿನ ಮುಂಜಾನೆ ಬಂದ್ರ ಗೂಡು ಖಾಲಿ."

"ಐದೂ ನಿನ್ನವೇ?" ಎಂದಳು ಸಾಯಲಿ.

ದೀಪಾಲಿಯ ಕಣ್ಣು ಬಸವಲಿಂಗನ ಬಲಗಿಸೆಯತ್ತ ಹೋಗಿ ಬಂತು. "ಐದೂ."

ಸಾಯಲಿ ಐದನೆಯದನ್ನೂ ಬಡಿದಳು. ಅದು ಪುಡಿಯಾಗಲಿಲ್ಲ. ಸಿಪ್ಪೆ ಬಿಟ್ಟಿತು. "ಇದು ಬೇಯಿಸಿದ ಕೋಳಿಮೊಟ್ಟೆ! ಚಹಾದಲ್ಲಿ ಅದ್ದಿ ಮಸಿಯ ಚುಕ್ಕಿ ಇಟ್ಟಿದ್ದಾರೆ."

"ಮಣ್ಣು ಮುಗದಿತ್ತು," ಎಂದಳು ದೀಪಾಲಿ.

ಈರಬಸಪ್ಪ ಗುಡುಗಿದ. "ಭಾಳ ಶಾಣ್ಯಾಕಿ ಆಗೀಯಲ್ಲ! ನಾಳೆನ ಕಂಬ ನೆಡತೀನಿ!"

"ಕಾಕಾ, ಒಂದು ನಿಮಿಷ." ಸಾಯಲಿ ದೀಪಾಲಿಯತ್ತ ತಿರುಗಿದಳು. "ಮುಂಗುಸಿ ಚಿಪ್ಪಿನ ಚೂರು ಬಿಟ್ಟುಹೋಗುತ್ತದೆ. ಅವತ್ತು ಚೂರಿತ್ತೇ?"

"ಒಂದೂ ಇರಲಿಲ್ಲ."

ಅನ್ನಪೂರ್ಣಮ್ಮ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹದಿಮೂರನೇ ದಿನದಿಂದ ಹಕ್ಕಿಗೆ ಯಾಕ ಕೈಮುಗೀಲಿಕತ್ತಿ, ಈರ್ಯಾ?"

ಈರಬಸಪ್ಪ ನೆಲ ನೋಡುತ್ತ ಒಪ್ಪಿಕೊಂಡ. ಹನ್ನೆರಡನೆಯ ಸಂಜೆ ನಾಲ್ಕನ್ನೂ ಕರವಸ್ತ್ರದಲ್ಲಿ ಕಟ್ಟಿ ಕಾಲುವೆಗೆ ಎಸೆದವನು ಅವನೇ. ಮರುದಿನ ಬಂದರೆ ಅದೇ ಗುಳಿ, ಅದೇ ನಾಲ್ಕು. ಪವಾಡವೆಂದು ಅವತ್ತೇ ಚಪ್ಪಲಿ ಕಳಚಿದ್ದ.

"ಕೊರಳಾಗ ಲಿಂಗ ಇಟಗೊಂಡು ತತ್ತಿ ಮುಟ್ಟಿದಿ?" ಅನ್ನಪೂರ್ಣಮ್ಮನಿಗೆ ಕಳ್ಳತನಕ್ಕಿಂತ ಅದೇ ದೊಡ್ಡದಾಗಿತ್ತು. "ಆ ಹಕ್ಕಿ ಮತ್ತ ತತ್ತಿ ಇಟ್ಟು ಮರಿ ಮಾಡೂತನಕ ಈ ಮನ್ಯಾಗ ಮದುವಿ ಇಲ್ಲ. ಆಷಾಢ ಬರಲಿ, ದೀಪಾವಳಿ ಬರಲಿ. ಬೀಗರಿಗೆ ನಾನ ಹೇಳತೀನಿ."

"ಹಿರ್ಯಾರ ಮಾತು ಮೀರಬಾರದು ಬಿಡ್ರಿ," ಎಂದ ಬಸವಲಿಂಗ, ಮುಖ ಸಣ್ಣದು ಮಾಡಿಕೊಂಡು. ಪಾಪ, ಎಂದಳು ಸಾಯಲಿ.

ಅಜ್ಜಿ ಮಗನನ್ನು ಕಾಲುವೆಯ ಕಡೆಗೆ ಹೊರಡಿಸಿದರು, ಸ್ನಾನಕ್ಕೆ. ಸಾಯಲಿ ವಹಿಯಲ್ಲಿ ಬರೆಯುತ್ತ ನಿಂತಳು.

ದೀಪಾಲಿ ನೀರಿನ ಬಾಟಲಿಯಿಂದ ಕರವಸ್ತ್ರ ನೆನೆಸಿ, ಯಾರೂ ನೋಡದಂತೆ ಬಸವಲಿಂಗನ ಬಲಗಿಸೆಯೊಳಗೆ, ಮಸಿ ಹತ್ತಿದ ಬೆರಳುಗಳ ನಡುವೆ ತುರುಕಿದಳು.

"ಟಿಟವಿ ನಾಲ್ಕ ತತ್ತಿ ಇಡ್ತದ್ರಿ," ಎಂದಳು. "ಅದೂ ಬೇಯಿಸಿ ಇಡೂದಿಲ್ಲ."