ತಡ್ರಿ ಕಾಕಾ

ಮಡಿವಾಳೆಪ್ಪನ ದೇಹವನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ಹೊರಗೆ ದೇಹ ಒಯ್ಯಲು ಹೂವಿನ ವಿಮಾನ ಕಟ್ಟಿ ಆಗಿತ್ತು. ಹೊರುವವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತಿದ್ದರು. ಇನ್ನು ಕಡೆಯ ಪದ ಹಾಡಿ ಎತ್ತುವುದಷ್ಟೇ ಬಾಕಿ. ಭಜನೆಯ ಮಂಜಪ್ಪ ತಾಳ ಹಿಡಿದು ಗಂಟಲು ಸರಿಮಾಡಿಕೊಂಡ. ಸುಭಾಸನ ಕಡೆ ತಿರುಗಿದ. ಮನೆ ತುಂಬ ಕೂತಿದ್ದ ಜನವೂ ತಿರುಗಿತು.

ಬಮ್ಮಿಗಟ್ಟಿಯಲ್ಲಿ ಯಾರೇ ಲಿಂಗೈಕ್ಯರಾಗಲಿ, ಕಡೆಯ ಪದ ಮಡಿವಾಳೆಪ್ಪನದು. ಪಲ್ಲವಿಯನ್ನು ಊರೇ ಎತ್ತಿಕೊಳ್ಳುತ್ತಿತ್ತು. ನಡುವಿನ ನುಡಿಗಳು ಮಾತ್ರ ಅವನೊಬ್ಬನಿಗೇ ಗೊತ್ತು. ಸಾವಿಲ್ಲದ ಹೊತ್ತಿನಲ್ಲಿ ಆ ಪದವನ್ನು ಬಾಯಿಗೆ ತರಬಾರದೆಂಬ ಕಟ್ಟಳೆ ಇದ್ದುದರಿಂದ ಯಾರೂ ಕೂತು ಕಲಿತವರಿಲ್ಲ. ಆ ಕಟ್ಟಳೆಯನ್ನು ಅವನು ಮುರಿಯಲು ಒಪ್ಪಿದ್ದು ಅಣ್ಣನ ಮಗ ಸುಭಾಸನಿಗಾಗಿ. “ನನ್ನ ಸಂಗಾಟ ಅದು ಹೋಗಬಾರದಪಾ. ಒಮ್ಮೆ ಹೇಳ್ತೀನಿ, ಹಿಡಕೋ. ಎರಡನೇ ಸಲ ಕೇಳಬ್ಯಾಡ” ಎಂದಿದ್ದ.

ಒಂದೇ ಸಲ ಎಂದಮೇಲೆ ಅದನ್ನು ಹಿಡಿಯುವ ಸಾಫ್ಟ್‌ವೇರ್ ಉತ್ತಮವಾದದ್ದೇ ಇರಬೇಕಲ್ಲವೇ? ಸುಭಾಸ ಕಲಘಟಗಿಯ ಸೊಸೈಟಿಯಲ್ಲಿ ನೌಕರ, ಏನು ಮಾಡಿದರೂ ಪದ್ಧತಿ ಪ್ರಕಾರ ಮಾಡುವವನು. ಪೆನ್ನು ಹಿಡಿದು ಬರೆದುಕೊಳ್ಳುವುದು ಅವನ ಕಣ್ಣಿಗೆ ಹಳೇ ಕಾಲದ ಕೆಲಸ. ಮಾತನ್ನು ಅಕ್ಷರ ಮಾಡಲು ಒಂದು, ಆ ಅಕ್ಷರದೊಳಗಿನ ಕಸ ಹಸನು ಮಾಡಲು ಒಂದು, ಇಡೀ ಕೆಲಸದ ದಾಖಲೆ ಇಡಲು ಮತ್ತೊಂದು ಸಾಫ್ಟ್‌ವೇರ್ ಬೇಕೆಂದು ಹುಡುಕತೊಡಗಿದ. ಒಂದರಲ್ಲಿ ಒತ್ತಕ್ಷರ ಮುರಿದು ಬೀಳುತ್ತಿತ್ತು. ಇನ್ನೊಂದು ನಾಲ್ಕು ದಿನ ಪುಕ್ಕಟೆ ದುಡಿದು ರೊಕ್ಕ ಕೇಳಿತು. ಮತ್ತೊಂದು ಎಲ್ಲಾ ಸರಿ, ಆದರೆ ಮುಖಪುಟಕ್ಕೆ ಅಂಚು ಬರುತ್ತಿರಲಿಲ್ಲ. ಪ್ರತಿಯೊಂದಕ್ಕೂ ಅವನು ಇಷ್ಟು ನಕ್ಷತ್ರ ಎಂದು ತಪ್ಪದೆ ಕೊಟ್ಟ. ಕೆಳಗೆ ಅಭಿಪ್ರಾಯವನ್ನೂ ಬರೆದ. ಪದ ಬರುವ ಮೊದಲೇ ಮುಖಪುಟ, ಪರಿವಿಡಿ, ಕೃತಜ್ಞತೆ ಎಲ್ಲ ಸಿದ್ಧವಾದವು.

“ಕೂಸು ಹುಟ್ಟೂ ಮೊದಲ ಕುಲಾವಿ ಹೊಲಿಸಿದ್ರಂತ. ನೀ ಅದಕ್ಕ ಜರಿನೂ ಹಚ್ಚಾಕತ್ತೀಯಲ್ಲೋ” ಎಂದಿದ್ದಳು ಮಡಿವಾಳೆಪ್ಪನ ಹೆಂಡತಿ ಮಲ್ಲಕ್ಕ, ಚಹಾ ಕೊಡುತ್ತ.

“ಚಿಗವ್ವಾ, ಇದು ನಿನಗ ತಿಳಿಯೂದಲ್ಲ ಬಿಡು” ಎಂದು ಸುಭಾಸ ನಕ್ಕಿದ್ದ.

ಈಗ ನಗುವ ಹಾಗಿರಲಿಲ್ಲ.

“ತಗೀಯಪಾ ಸುಭಾಸ,” ಎಂದ ಮಂಜಪ್ಪ. “ಇಷ್ಟ ದಿನ ಕಾಕಾನ ಬೆನ್ನ ಹತ್ತಿದ್ದಿಯಲ್ಲಾ. ನೀ ಓದಿ ಹೇಳು, ನಾವು ಹಿಂದ ಅಂತೀವಿ.”

ಪದ ತನ್ನಲ್ಲಿಲ್ಲವೆಂಬುದು ಸುಭಾಸನಿಗೆ ಗೊತ್ತಿತ್ತು. ಅದನ್ನು ಬರುವ ಸೋಮವಾರಕ್ಕೆ ಇಟ್ಟುಕೊಂಡಿದ್ದ. ಸಾಫ್ಟ್‌ವೇರ್ ಪರೀಕ್ಷೆಗೆಂದು ಹಿಡಿದ ಚೂರುಪಾರು ದನಿ ಮಾತ್ರ ಫೋನಿನಲ್ಲಿತ್ತು. ಅದರಲ್ಲಿ ಎಲ್ಲಾದರೂ ಕಾಕಾ ಒಂದು ನುಡಿ ಗುನುಗಿರಬಹುದು, ತಾನೇ ಗಮನಿಸಿಲ್ಲವೇನೋ! ದೇವರ ಮೇಲೆ ಭಾರ ಹಾಕಿ, ಮೊನ್ನೆ ಆರಿಸಿದ ಹೊಸ ಸಾಫ್ಟ್‌ವೇರಿಗೆ ಎಲ್ಲವನ್ನೂ ಒಪ್ಪಿಸಿ, ಬೇಡದ ಮಾತು ತೆಗೆದು ಬರೆದುಕೊಡು ಎಂದು ಒತ್ತಿದ. ಅದು ಗರಗರ ತಿರುಗಿ ಒಂದು ಹಾಳೆ ತೋರಿಸಿತು. ಬಂಗಾರದ ಅಂಚು. ಮೇಲೆ ‘ಮಡಿವಾಳೆಪ್ಪನವರ ಕಡೆಯ ಪದ’. ಅದರ ಕೆಳಗೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, ‘ಸಂಗ್ರಹ: ಸುಭಾಸ’. ಉಳಿದದ್ದು ಬರೀ ಬಿಳುಪು.

“ಓದಲೇ,” ಎಂದ ಮಂಜಪ್ಪ.

“ಹಸನ ಮಾಡೈತಿ…”

“ಏನ ಹಸನ ಮಾಡೈತಿ?”

“ಎಲ್ಲಾನೂ.”

ಮೂಲೆಯಲ್ಲಿ ಸೆರಗು ಹೊದ್ದು ಕೂತಿದ್ದ ಮಲ್ಲಕ್ಕ ಮುಂಜಾನೆಯಿಂದ ಮೊದಲ ಸಲ ತಲೆ ಎತ್ತಿದಳು. “ಅವರ ದನಿಯರ ಐತೇನು ಅದರಾಗ? ಹಚ್ಚು.”

“ಚಿಗವ್ವಾ, ಅದು ಬರೇ…”

“ಹಚ್ಚು ಅಂದ್ನೆಲ್ಲ.”

ಸುಭಾಸ ಹಚ್ಚಿದ.

“ಕೈಕಾಲು ತೊಳಕೊಂಡ ಬಂದೀನಿ,” ಎಂದಿತು ಮಡಿವಾಳೆಪ್ಪನ ದನಿ, ತುಂಬಿದ ದನಿ. ಹೆಂಗಸರೆಲ್ಲ ಒಮ್ಮೆಲೇ ಬಾಯಿಗೆ ಸೆರಗು ಒತ್ತಿಕೊಂಡರು. “ಚಾಲೂ ಮಾಡ್ಲೇನಪಾ?”

“ತಡ್ರಿ ಕಾಕಾ. ಇದರಾಗ ಒತ್ತಕ್ಷರ ಮುರ್ಯಾಕತ್ತಾವು.”

ಮುಂದಿನದರಲ್ಲಿ ಏಕತಾರಿಯ ತಂತಿ ಒಮ್ಮೆ ಮಿಡಿಯಿತು. “ಈಗ ಮಾಡ್ಲೇನು?”

“ತಡ್ರಿ ಕಾಕಾ. ಇದು ರೊಕ್ಕ ಕೇಳಾಕತ್ತೈತಿ.”

ಕಡೆಯದರಲ್ಲಿ ಕೆಮ್ಮೇ ಬಹಳ. ದನಿ ಬತ್ತಿ ದಾರದಂತಾಗಿತ್ತು. “ಸುಭಾಸ, ದಮ್ಮು ಉಳಿದಿಲ್ಲೋ ತಮ್ಮಾ. ಇವತ್ತರ ಹೇಳಿ ಬಿಡ್ಲೇನು?”

“ತಡ್ರಿ ಕಾಕಾ, ಸೋಮವಾರ ಬರ್ತೀನಿ. ಅಗದಿ ಬೆಸ್ಟ್ ಸಿಕ್ಕೈತಿ ಈ ಸಲ.”

ಅಲ್ಲಿಗೆ ಮುಗಿಯಿತು. ಸುಭಾಸ ತಲೆ ತಗ್ಗಿಸಿ ಫೋನನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟ. ಮಲ್ಲಕ್ಕ ಎದ್ದಳು. ಗೂಟಕ್ಕೆ ತೂಗಿದ್ದ ಏಕತಾರಿಯನ್ನು ಇಳಿಸಿ, ಸೆರಗಿನಿಂದ ಧೂಳು ಒರಸಿ, ಗಂಡನ ತೊಡೆಯ ಮೇಲೆ ಇಟ್ಟಳು.

“ಹೇಳ್ರಿ,” ಎಂದಳು. “ಇನ್ನ ಯಾರೂ ನಿಮಗ ತಡ್ರಿ ಅನ್ನೂದಿಲ್ಲ.”

ಮಂಜಪ್ಪ ಕಣ್ಣು ಒರಸಿಕೊಂಡು ತಾಳ ತಟ್ಟಿದ. ಗೊತ್ತಿದ್ದದ್ದು ಪಲ್ಲವಿಯಷ್ಟೇ, ಅದನ್ನೇ ಎಲ್ಲರೂ ಎತ್ತಿದರು. ನುಡಿ ಬರಬೇಕಾದ ಜಾಗ ಬಂದಾಗ, ರೂಢಿಯಂತೆ, ಊರಿಗೆ ಊರೇ ಸುಮ್ಮನಾಗಿ ಗೋಡೆಗೆ ಒರಗಿ ಕೂತವನ ಮುಖ ನೋಡಿತು.

ಆ ಮೌನದೊಳಗೆ ಸುಭಾಸನ ಫೋನು ಟಿಣ್ ಎಂದಿತು. ಸಾಫ್ಟ್‌ವೇರ್ ನಿಮಗೆ ಮೆಚ್ಚುಗೆಯಾಯಿತೇ, ಎಷ್ಟು ನಕ್ಷತ್ರ ಕೊಡುವಿರಿ ಎಂದು ಕೇಳುತ್ತಿತ್ತು.