ನಾಲ್ಕು ತಾಲ್ಲೂಕಿನ ವ್ಯಾಯಾಮ

ಟೆಂಪೋ ಇನ್ನೂ ಹಿಂದೆಯೇ ಇತ್ತು. ಅಂಬಾಸಿಡರಿನ ಮುಂದಿನ ಸೀಟಿನಲ್ಲಿ ಕೂತಿದ್ದ ತಿಮ್ಮೇಶ ಪಕ್ಕದ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ. ದಿನಾ ಹಾಲಿನ ಕ್ಯಾನು ಹೊರುವ ಟೆಂಪೋ ಅದು. ಇವತ್ತು ಅದರ ತುಂಬ ಚಿನಕುರಳಿ ಹಳ್ಳಿಯ ಜನ. ಕಾರಿಗಿಂತ ಮೊದಲು ಅದು ಪಾಂಡವಪುರ ಸೇರದಿದ್ದರೆ ಅವನ ಕತೆ ಮುಗಿದಂತೆ.

ವಿಷಯ ಇಷ್ಟೇ. ಒಂದು ಟಾನಿಕ್ ಕಂಪನಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ಕಡೆ ಬಯಲಲ್ಲಿ ‘ವ್ಯಾಯಾಮ ಪಥ’ ಮಾಡಿಸಿತ್ತು. ನಡೆಯಲು ಮಣ್ಣಿನ ಹಾದಿ, ಅಲ್ಲಲ್ಲಿ ಜೋತು ಬೀಳುವ ಕಂಬಿ, ಬಗ್ಗಿ ಏಳುವ ಹಲಗೆ, ಪಕ್ಕದಲ್ಲಿ ಟಾನಿಕ್ ಬಾಟಲಿಯ ಬೋರ್ಡು. ಎಲ್ಲವೂ ಉಚಿತ. ಆದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಹೊತ್ತು ಹುಟ್ಟುವ ಮೊದಲೇ ಸಗಣಿ ಬಾಚಿ, ಹುಲ್ಲು ಕುಯ್ದು, ಡೇರಿಗೆ ಹಾಲು ಹಾಕಿ ಬರುವವರಿಗೆ ಹೋಗಿ ಕಂಬಿಗೆ ಜೋತು ಬೀಳಿ ಅಂದರೆ ನಗದೆ ಇನ್ನೇನು ಮಾಡುತ್ತಾರೆ? ಕಂಬಿಯಲ್ಲಿ ಸೀರೆ ಒಣಹಾಕಿದರು, ಕಂಬಕ್ಕೆ ಎಮ್ಮೆ ಕಟ್ಟಿದರು.

ನಾಲ್ಕಕ್ಕೂ ತಿಮ್ಮೇಶನೇ ಮೇಲ್ವಿಚಾರಕ. ಜನ ಮುಗಿಬೀಳುತ್ತಿದ್ದಾರೆ ಅಂತ ಕಂಪನಿಗೆ ಸುಳ್ಳು ಹೇಳಿ ಹೇಳಿ ಅವನಿಗೇ ಸಾಕಾಗಿತ್ತು. ಈಗ ಬೆಂಗಳೂರಿನಿಂದ ಮೂರ್ತಿ ಸಾಹೇಬರು ಕಣ್ಣಾರೆ ನೋಡಲು ಬಂದಿದ್ದಾರೆ. ಪಥ ಬಿಕೋ ಅಂದರೆ ಕಿತ್ತು ಹಾಕಿಸುತ್ತಾರೆ. ಅವನು ಮತ್ತೆ ಊರ ಪಕ್ಕದ ಕಲ್ಲು ಕ್ವಾರಿಗೆ ಹೋಗಬೇಕು. ಅಲ್ಲಿ ಕುಡಿದ ದೂಳು ಇನ್ನೂ ಎದೆಯಲ್ಲಿ ಕೆಮ್ಮಾಗಿ ಕೂತಿದೆ. ಅದಕ್ಕೇ ಸೋದರತ್ತೆ ಬೈರಮ್ಮನ ಕಾಲು ಹಿಡಿದಿದ್ದ. ಅವಳು ಚಿನಕುರಳಿಯ ನೆಂಟರು ಇಷ್ಟರನ್ನೆಲ್ಲ ಹೊರಡಿಸಿಕೊಂಡು ಬಂದಿದ್ದಳು. ನಾಲ್ಕೂ ಕಡೆ ಇವರೇ ಆಯಾ ಊರಿನವರ ಹಾಗೆ ವ್ಯಾಯಾಮ ಮಾಡಿ ತೋರಿಸಬೇಕು. ಬೆಳಿಗ್ಗೆ ಶ್ರೀರಂಗಪಟ್ಟಣದ ಆಟ ಸಲೀಸಾಗಿ ಮುಗಿದಿತ್ತು.

ಹಿಂದಿನ ಸೀಟಿನಿಂದ ಸಾಹೇಬರು “ಕಾರು ನಿಲ್ಲಿಸಿ” ಅಂದರು. ಸಿಕ್ಕಿಬಿದ್ದೆ ಅಂದುಕೊಂಡ ತಿಮ್ಮೇಶ. ಅವರಿಗೆ ಎಳನೀರು ಬೇಕಿತ್ತಂತೆ. ಒಂದು ಕುಡಿದರು, ಗಂಜಿ ಕೆತ್ತಿಸಿ ತಿಂದರು, ಇನ್ನೊಂದು ಕೆತ್ತಿಸಿದರು. ಅಷ್ಟರಲ್ಲಿ ಟೆಂಪೋ ಬುರ್ರನೆ ದಾಟಿಹೋಯಿತು. ಸಾಹೇಬರು ತಲೆಯನ್ನೂ ಎತ್ತಲಿಲ್ಲ.

ಪಾಂಡವಪುರದಲ್ಲಿ ಬೈರಮ್ಮ ತಲೆ ತುಂಬ ಸೆರಗು ಹೊದ್ದು ಹಲಗೆಯ ಮುಂದೆ ಬಗ್ಗಿ ಏಳುತ್ತಿದ್ದಳು. ಗಂಡಸರು ಅಂಗಿ ಅದಲುಬದಲು ಮಾಡಿಕೊಂಡಿದ್ದರು. ಗಡಿಬಿಡಿಯಲ್ಲಿ ಒಬ್ಬ ಉಲ್ಟಾ ತೊಟ್ಟಿದ್ದ. ಸಾಹೇಬರು ಫೋಟೋ ತೆಗೆದರು, ಅದೂ ಬೆನ್ನ ಹಿಂದಿನಿಂದ. “ಮುಖ ಬೇಡ, ಪಾಪ, ನಾಚಿಕೊಳ್ತಾರೆ” ಅಂದರು. ಇಷ್ಟೊಂದು ಅಮಾಯಕರಿಗೆ ಇಂಥ ದೊಡ್ಡ ಹುದ್ದೆ ಯಾರು ಕೊಟ್ಟರೋ ಅನಿಸಿತು ತಿಮ್ಮೇಶನಿಗೆ. ಒಳ್ಳೆಯ ಮನುಷ್ಯನಿಗೆ ಮೋಸ ಮಾಡುತ್ತಿದ್ದೇನಲ್ಲ ಅಂತ ಸಂಕಟವೂ ಆಯಿತು.

ಮುಂದೆ ಹೊಂಗೆ ಮರದ ನೆರಳು ಕಂಡದ್ದೇ ಸಾಹೇಬರಿಗೆ ನಿದ್ದೆ ಎಳೆಯಿತು. ಕಾರು ನಿಲ್ಲಿಸಲು ಹೇಳಿ ಕಣ್ಣು ಮುಚ್ಚಿದರು. ಹಾಗಾಗಿ ಕೆ.ಆರ್. ಪೇಟೆಯಲ್ಲೂ ಜನ ಮೊದಲೇ ಹಾಜರಿದ್ದರು, ಆದರೆ ಜೀವ ಇರಲಿಲ್ಲ. ಕಂಬಿ ಹಿಡಿದವನು ಒದ್ದೆ ಬಟ್ಟೆಯ ಹಾಗೆ ಸುಮ್ಮನೆ ನೇತಾಡುತ್ತಿದ್ದ. ತಿಮ್ಮೇಶ ಹತ್ತಿರ ಸುಳಿದಾಗ ಬೈರಮ್ಮ ಪಿಸುಗುಟ್ಟಿದಳು.

“ಮಂಡಿ ಕಿತ್ಕಂಡ್ ಬತ್ತಾದೆ ಕಣ್ಲಾ. ಇನ್ನೊಂದೂರು ಅಂದ್ರೆ ಇಲ್ಲೇ ಬಿದ್ಕತೀನಿ.”

ಇದೊಂದೇ ಸಲ ಅಂತ ಅವನು ಗೋಗರೆದ.

ಹೊಸಹೊಳಲಿನ ಗುಡಿ ನೋಡಲೇಬೇಕು ಅಂದರು ಸಾಹೇಬರು. ಒಂದು ಸುತ್ತು ಬಂದು, ಮತ್ತೆ ಮೊದಲಿಂದ ಶುರು ಮಾಡಿದರು. ಗೋಡೆಯ ಶಿಲ್ಪದ ಮುಂದೆ ನಿಂತು ಹೀಗೆ ಬಾಯಿ ತುಂಬ ಆಕಳಿಸುವವರನ್ನು ತಿಮ್ಮೇಶ ಕಂಡಿರಲಿಲ್ಲ. ಆದರೂ ಅವರು ಹೊರಡಲೊಲ್ಲರು. ಪುಣ್ಯಾತ್ಮ ಇನ್ನೊಂದು ಸುತ್ತು ಹಾಕಲಿ ಅಂತ ಅವನು ದೇವರಿಗೆ ಕೈ ಮುಗಿದ.

ನಾಗಮಂಗಲ ಮುಟ್ಟಿದಾಗ ಬಿಸಿಲು ಸುಡುತ್ತಿತ್ತು. ಜನ ಕಾಲೆಳೆದುಕೊಂಡು ನಡೆಯುತ್ತಿದ್ದರು. ಬೈರಮ್ಮ ಮಂಡಿ ಹಿಡಿದುಕೊಂಡು ಹಲಗೆಯ ಮೇಲೆ ಕುಸಿದು ಕೂತಿದ್ದಳು, ಏಳಲಾಗಲಿಲ್ಲ. ಸಾಹೇಬರು ನೆಟ್ಟಗೆ ಅವಳ ಹತ್ತಿರವೇ ಹೋದರು. ತಿಮ್ಮೇಶ ಓಡೋಡಿ ಅವರ ಹಿಂದೆ ಬಂದ.

“ಯಾವೂರಮ್ಮ ನಿಮ್ಮದು?”

ಬೈರಮ್ಮ ಸೋದರಳಿಯನ ಮುಖ ನೋಡಿದಳು. “ಇದೇ ಊರು ಕಣ್ ಬುದ್ಧಿ. ದಿನಾ ಬತ್ತೀವಿ.”

ಸಾಹೇಬರು ತಮ್ಮ ಫ್ಲಾಸ್ಕಿನ ನೀರು ಬಗ್ಗಿಸಿ ಕೊಟ್ಟರು. “ಕುಡೀರಿ. ನಿಮ್ಮಂಥವರು ಮೈ ದಂಡಿಸೋದರಿಂದಲೇ ನಮ್ಮ ಕೆಲಸ ನಡೀತಾ ಇದೆ.”

ಆಮೇಲೆ ತಿಮ್ಮೇಶನ ಕಡೆ ತಿರುಗಿ, ನಾಲ್ಕೂ ಕಡೆ ಜನ ಚೆನ್ನಾಗಿ ಬರುತ್ತಿದ್ದಾರೆಂದು ಕಂಪನಿಗೆ ತಿಳಿಸುವುದಾಗಿ ಹೇಳಿದರು. ಅವನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕಿಂತ ಸುಸ್ತೇ ಹೆಚ್ಚು. ಅಲ್ಲೇ ಮಣ್ಣಲ್ಲಿ ಅಡ್ಡಾಗೋಣ ಅನಿಸಿತು.

ಕಾರು ಹತ್ತುವ ಮುಂಚೆ ಸಾಹೇಬರು ಅವನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. “ಮುಂದಿನ ತಿಂಗಳು ನಮ್ಮ ಛೇರ್ಮನ್ನರೇ ಬರ್ತಾರೆ. ಈ ಪಥ ಮಾಡಿಸೋ ಐಡಿಯಾ ಕೊಟ್ಟವನು ನಾನು. ಇವು ಹೋದರೆ ನಾನೂ ಮನೆಗೆ. ಇವರನ್ನೇ ಕರೆಸಪ್ಪಾ. ಆದರೆ ಆ ಹಾಲಿನ ಟೆಂಪೋ ಬೇಡ, ಜೋರಾಗಿ ಹೋಗೋ, ಸೀಟಿರೋ ವ್ಯಾನು ಮಾಡು. ಆಯಮ್ಮನಿಗೆ ಮಂಡಿ ನೋವು, ನಾನಾದರೂ ದಾರೀಲಿ ಎಷ್ಟು ಅಂತ ಎಳನೀರು ಕುಡೀಲಿ?”